ವೇದಕ್ಕನ ಎರಡೂ ಕೈ

ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ಹತ್ತುವುದು ಒಂದು ವಿದ್ಯೆ ಎಂದು ಐವತ್ತು ದಾಟುವವರೆಗೂ ನನಗೆ ಯಾರೂ ಹೇಳಿರಲಿಲ್ಲ. ಕಾಲೆತ್ತಿ ಆಚೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಎತ್ತಿದೆ. ಸೀಟಿನ ಹಿಂದೆ ಹಳೆಯ ಕಾಲದ ಟಿವಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ ಕೂತಿತ್ತು. ನನ್ನ ಬೂಟು ಅದರ ಮೇಲೆ ಹೋಗಿ ನಿಂತಿತು. ಒಂದು ಕಾಲು ಪೆಟ್ಟಿಗೆಯ ಮೇಲೆ, ಇನ್ನೊಂದು ನೆಲದ ಮೇಲೆ, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಕೈಗಳು ಗಾಳಿಯಲ್ಲಿ. ಈ ಭಂಗಿಯಲ್ಲಿ ಸ್ವಲ್ಪ ಕುಪ್ಪಳಿಸಿ, ಪ್ಯಾಂಟಿನಿಂದ ಪರ್ರನೆ ಒಂದು ಸದ್ದು ಹೊರಡಿಸಿ, ಹಿಂದಿದ್ದ ಕ್ರೋಟನ್ ಗಿಡಗಳ ನಡುವೆ ಆಸೀನನಾದೆ.

ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಅದು ವಾಕಿಂಗಿನ ಹೊತ್ತು. ವಿಶಾಖಪಟ್ಟಣದ ನಮ್ಮ ಕನ್ನಡ ಸಂಘದ ಮಹಿಳೆಯರು ಸಾಲಾಗಿ ಬರುತ್ತಿದ್ದವರು ಸಾಲಾಗಿಯೇ ನಿಂತರು. ಕಳೆದ ರಾಜ್ಯೋತ್ಸವದಲ್ಲಿ ನನ್ನ ಹಾಸ್ಯ ಭಾಷಣಕ್ಕೆ ಒಮ್ಮೆಯೂ ನಗದೆ ಕೂತಿದ್ದ ಒಬ್ಬರು ಈಗ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು, "ಇದು ಯಾವ ಆಸನ ಗುರುದತ್ ಅವರೇ?" ಎಂದು ಕೇಳಿದರು.

ನಗದೆ ಉಳಿದವರು ಒಬ್ಬರೇ. ಗಾಡಿಯ ಮೇಲೆ ಕೂತಿದ್ದ ವೇದಕ್ಕ.

"ಏಳ್ರಿ ದತ್ತಣ್ಣ. ಬಿಸಲು ಏರ್ತದ," ಎಂದರು, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. ಅವರು ಹಿಂತಿರುಗಿಯೂ ನೋಡಲಿಲ್ಲ. ಆ ದಿನ ಅವರಿಗೆ ಬೇರೆಯವರ ಮೇಲೆ ಕೋಪವಿತ್ತು. ಅದರಲ್ಲಿ ಒಂದು ಪಾಲನ್ನು ಕೂಡ ನನ್ನ ಮೇಲೆ ಖರ್ಚು ಮಾಡಲು ಅವರು ಸಿದ್ಧರಿರಲಿಲ್ಲ.

ವೇದವತಿ ಗದಗದವರು. ಕಾರ್ಖಾನೆಯ ರಾಸಾಯನಿಕ ಪ್ರಯೋಗಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ನಿವೃತ್ತಿ ಹತ್ತಿರದಲ್ಲಿದೆ. ಅವರ ಗಂಡ ನರಹರಿ ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗದವನು, ತುಮಕೂರಿನವನು, ನನ್ನ ಕೇರಂ ಜೊತೆಗಾರ. ಗದಗದ ಖಾರ ಮತ್ತು ತುಮಕೂರಿನ ತಂಪು ಒಂದೇ ಮನೆಯಲ್ಲಿ ಮೂವತ್ತು ವರ್ಷದಿಂದ ಸಂಸಾರ ಮಾಡಿಕೊಂಡಿವೆ. ಮಗಳು ನೇಹಾ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳು ಕನ್ನಡದಲ್ಲಿ ಶುರು ಮಾಡಿದ ವಾಕ್ಯ ತೆಲುಗಿನಲ್ಲಿ ಹೋಗಿ ಮುಗಿಯುತ್ತದೆ. ಬೈಸಿಕೊಳ್ಳುವಾಗ ಮಾತ್ರ ಪೂರ್ತಿ ಕನ್ನಡ, ಏಕೆಂದರೆ ಅಮ್ಮ ಬೈಯುವುದು ಕನ್ನಡದಲ್ಲಿ.

ವೇದಕ್ಕನ ಕೋಪ ಟೌನ್‌ಶಿಪ್ಪಿನಲ್ಲಿ ಪ್ರಸಿದ್ಧ. ಅವರು ಕೂಗುವುದಿಲ್ಲ. ದನಿ ಇಳಿಸುತ್ತಾರೆ. ಒಮ್ಮೆ ಕಲ್ಲಿದ್ದಲಿನ ಒಂದು ಮಾದರಿಯಲ್ಲಿ ಬೂದಿ ಹೆಚ್ಚು ಬಂದಾಗ ಮೇಲಿನವರೊಬ್ಬರು, "ಸರಿಯಾಗಿ ಬರುವವರೆಗೆ ಮತ್ತೆ ಮತ್ತೆ ಪರೀಕ್ಷೆ ಮಾಡಿ ಮೇಡಂ," ಅಂದರಂತೆ. ವೇದಕ್ಕ ಮತ್ತೆ ಮಾಡಿದರು. ಅಷ್ಟೇ ಬೂದಿ ಬಂತು. ಅದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಆ ಮನುಷ್ಯ ಮುಂದಿನ ತಿಂಗಳೇ ಬೇರೆ ವಿಭಾಗಕ್ಕೆ ವರ್ಗ ಕೇಳಿದ.

ಗಾಡಿ ಓಡಿಸಲು ಶುರು ಮಾಡಿದ್ದೂ ಕೋಪದಿಂದಲೇ. ಪಾಳಿಯ ಬಸ್ಸಿನಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಎರಡು ಸೀಟಿನಲ್ಲಿ ದಿನವೂ ಗಂಡಸರೇ ನಿದ್ದೆ ಹೊಡೆಯುತ್ತಿದ್ದರಂತೆ. ವೇದಕ್ಕ ಒಂದು ವಾರ ನಿಂತು ಹೋದರು, ಎರಡನೆಯ ವಾರ ಮೋಟಾರ್ ಸೈಕಲ್ ಕೊಂಡರು. ಆ ಹಳೆಯ ಭಾರದ ಗಾಡಿಯಲ್ಲಿ ಇಪ್ಪತ್ತು ವರ್ಷ ಆಂಧ್ರದ ಕರಾವಳಿಯುದ್ದ ತಿರುಗಾಡಿದರು. ಅದು ಸವೆದ ಮೇಲೆ ಹೋದ ವರ್ಷ ಕೊಂಡದ್ದು ಈ ಹೊಸದು: ದೂರ ಪ್ರಯಾಣದ ಗಾಡಿ, ಎತ್ತರದ್ದು, ಎರಡು ಮಗ್ಗುಲಿಗೆ ಎರಡು ಪೆಟ್ಟಿಗೆ, ಹಿಂದೆ ನನ್ನ ಮಾನ ಕಳೆದ ಇನ್ನೊಂದು ಪೆಟ್ಟಿಗೆ.

ಇನ್ನು ಕೋಪದ ಕಾರಣ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಅನ್ನವರದ ಬೆಟ್ಟ ಸಿಗುತ್ತದೆ, ಮೇಲೆ ಸತ್ಯನಾರಾಯಣ ಸ್ವಾಮಿ. ಬಸ್ಸಿನಲ್ಲಿ ಹೋಗುವವರು ಕೂತಲ್ಲೇ ಕೈ ಮುಗಿಯುತ್ತಾರೆ. ಕಾರಿನವರು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಎದೆ ಮುಟ್ಟಿಕೊಳ್ಳುತ್ತಾರೆ. ಗಾಡಿಯವರು ಎರಡೂ ಕೈ ಬಿಟ್ಟು ಮುಗಿಯುತ್ತಾರೆ. ಎಲ್ಲರೂ ಅಲ್ಲ, ಆದರೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ಜನ. ವೇದಕ್ಕ ಇಪ್ಪತ್ತು ವರ್ಷ ಹಳೆಯ ಗಾಡಿಯಲ್ಲಿ ಹಾಗೆ ಮುಗಿದಿದ್ದರು. ರಸ್ತೆ ಸುರಕ್ಷತೆಯ ಬಗ್ಗೆ ನನಗೂ ಅಭಿಪ್ರಾಯಗಳಿವೆ; ಅವನ್ನು ಅವರ ಮುಂದೆ ಹೇಳುವ ಧೈರ್ಯ ಮಾತ್ರ ಇಲ್ಲ. ಹೊಸ ಗಾಡಿಯಲ್ಲಿ ಮೊದಲ ಸಲ ಅಲ್ಲಿ ಕೈ ಮುಗಿದಾಗ ಗಂಡ ಹಿಂದೆ ಕೂತಿದ್ದ. ಅವನೂ ಭಕ್ತ, ಅವನೂ ಮುಗಿದ. ನಾಲ್ಕು ಕೈಗಳೂ ಸ್ವಾಮಿಯ ಕಡೆಗಿದ್ದಾಗ ಗಾಡಿ ತಲೆ ಅಲ್ಲಾಡಿಸಿತು. ಮೊದಲು ಬೇಡ ಬೇಡ ಎನ್ನುವ ಹಾಗೆ ಸಣ್ಣಗೆ, ಆಮೇಲೆ ದೇವರು ಬಂದವರ ಹಾಗೆ. ವೇದಕ್ಕ ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ನರಹರಿ ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ.

ಅಲ್ಲಿಂದ ಶುರು. ಆ ಕಂಪನಿಯ ಶೋರೂಮು ವಿಶಾಖಪಟ್ಟಣದಲ್ಲಿ ಬಾಗಿಲು ಹಾಕಿದ್ದರಿಂದ ವೇದಕ್ಕ ವಿಜಯವಾಡಕ್ಕೆ ಎರಡು ಸಲ ಹೋದರು. ಎರಡು ಸಲವೂ ಅಲ್ಲಿಯವರು ಓಡಿಸಿ ನೋಡಿ, ಗಾಡಿಯಲ್ಲಿ ಏನೂ ಇಲ್ಲ, ಮೇಡಂ ಕೈ ಬಿಡಬಾರದು, ಎಂದು ಕಳಿಸಿದರು. ನರಹರಿ ಲೆಕ್ಕದವನು; ಲೆಕ್ಕ ಮುಗಿಸಲು ನೋಡಿದ. "ಮೂರನೇ ಸಲ ನಾನೂ ಬರ್ತೀನಿ. ದೋಷ ಗಾಡಿದು ಅಂತ ಅವರು ಒಪ್ಪಿದ್ರೆ ರಿಪೇರಿ ಮಾಡ್ಸಿ ಇಟ್ಕೋ. ಒಪ್ಪಲಿಲ್ವಾ, ದೋಷ ನಿಂದು. ಅಲ್ಲೇ ಮಾರಿ ಬರೋಣ."

"ಆತು," ಎಂದಿದ್ದರು ವೇದಕ್ಕ, ಬಹಳ ಮೆಲ್ಲಗೆ.

ನರಹರಿ ಮಾತ್ರ ಆ ಗಾಡಿಯ ಹಿಂದೆ ಇನ್ನು ಕೂರುವುದಿಲ್ಲ ಎಂದು ಶಪಥ ಮಾಡಿದ್ದ. ಅವನು ಹಿಂದಿನ ಸಂಜೆಯೇ ರೈಲಿನಲ್ಲಿ ಹೋಗಿ ಮಗಳ ಮನೆಯಲ್ಲಿ ಮಲಗಿದ್ದ. ಗಾಡಿ ನಿಜವಾಗಿ ಅಲ್ಲಾಡುತ್ತದೋ ಇಲ್ಲವೋ ನೋಡಿ ಹೇಳಲು ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬ ಬೇಕಿತ್ತು. ಬಂದರಿನ ಹತ್ತಿರ ಹಡಗಿನ ಸರಕಿನ ಏಜೆಂಟರ ಆಫೀಸಿನಲ್ಲಿ ಕೂತು ಹಾಸ್ಯ ಲೇಖನ ಬರೆಯುವ, ಸೈಕಲ್ಲನ್ನೂ ನೆಟ್ಟಗೆ ತುಳಿಯಲು ಬಾರದ ನನಗಿಂತ ಪಕ್ಷಪಾತವಿಲ್ಲದವನು ಯಾರು.

ಅಂತೂ ಹೊರಟೆವು. ಹರಿದ ಪ್ಯಾಂಟಿನ ಮೇಲೆ ವೇದಕ್ಕನ ಮಳೆ ಅಂಗಿ ಸುತ್ತಿಕೊಂಡಿದ್ದೆ. ಅನಕಾಪಲ್ಲಿಯಲ್ಲಿ ಗಾಡಿ ನಿಂತಿತು. ಅಲ್ಲಿ ಬೆಲ್ಲ ಕೊಳ್ಳದೆ ಮುಂದೆ ಹೋಗುವ ಪದ್ಧತಿ ವೇದಕ್ಕನಿಗಿಲ್ಲ. ವಿಜಯವಾಡದ ಒನ್ ಟೌನಿನಲ್ಲಿ ಅವರ ಚಿಕ್ಕಮ್ಮನ ಮನೆಯಿದೆ. ಅವರಿಗೆ ಪ್ರತಿ ಸಲ ಒಂದು ಇಡೀ ಮುದ್ದೆ ಬೆಲ್ಲ. ಮುದ್ದೆ ಎಂದರೆ ನಮ್ಮ ಕಡೆಯ ಅಚ್ಚಲ್ಲ, ದೊಡ್ಡ ಕುಂಬಳಕಾಯಿಯ ಗಾತ್ರದ್ದು. ಅಂಗಡಿಯ ಆಳು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಿಂದಿನ ಪೆಟ್ಟಿಗೆಯಲ್ಲಿ ಕೂರಿಸಿದ. ಗಾಡಿ ಒಂದು ಸಲ ಕುಗ್ಗಿ ನಿಟ್ಟುಸಿರು ಬಿಟ್ಟಿತು.

ತುನಿ ದಾಟಿದ ಮೇಲೆ ವೇದಕ್ಕ ಪಾಠ ಶುರು ಮಾಡಿದರು. ಹೆಲ್ಮೆಟ್ಟಿನೊಳಗಿಂದ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ವೇಗದಾಗ ಇದ್ದಾಗ ಗಾಡಿ ತಾನ ನೆಟ್ಟಗ ಹೋಗ್ತದ ದತ್ತಣ್ಣ. ಗಾಲಿ ತಿರುಗೋದೇ ಅದನ್ನ ಬೀಳದಂಗ ಹಿಡೀತದ. ಕೈ ಬಿಟ್ರ ಎಕ್ಸಿಲೇಟರ್ ಮುಚ್ಚಿಕೊಂಡು ವೇಗ ಇಳೀತದ. ಇಳಿಯೋವಾಗ ಒಂದು ಹಂತ ಬರ್ತದ ನೋಡ್ರಿ, ಅಲ್ಲೆ ಇದು ತಲಿ ಕೆಡಿಸ್ಕೊಳ್ತದ."

"ಕೈ ಬಿಡದೇ ಇದ್ದರೆ ಆಯಿತಲ್ಲ ವೇದಕ್ಕ," ಎಂದೆ. ಹೇಳಬಾರದಿತ್ತು.

ಗಾಡಿ ನಿಧಾನವಾಯಿತು. ದನಿಯೂ ಇಳಿಯಿತು. "ದತ್ತಣ್ಣ, ಕೈ ಹಿಡಕೊಂಡ್ರ ರೋಗ ಹೋಗೂದಿಲ್ಲ. ನಮ್ಮ ಕೈ ಅದನ್ನ ಮುಚ್ಚಿಡ್ತದ ಅಷ್ಟ. ಒಂದಿನ ರಸ್ತ್ಯಾಗ ಕುಣಿ ಸಿಕ್ಕಾಗ, ಒಂದಿನ ಕೈ ದಣದಾಗ, ಮುಚ್ಚಿಟ್ಟದ್ದು ಹೊರಗ ಬರ್ತದ. ಕೈ ಬಿಡೂದು ನಂದು ಚಟ ಅಂತ ತಿಳದೀರೇನು? ಅದು ಪರೀಕ್ಷಾ."

ಪರೀಕ್ಷೆಯೂ ಭಕ್ತಿಯೂ ಒಂದೇ ಕೈಗಳಲ್ಲಿ ಹೇಗೆ ನಡೆಯುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ; ಬೆಟ್ಟ ಕಾಣಿಸಿತು. ವೇದಕ್ಕ ಹಿಂದೆ ಮುಂದೆ ನೋಡಿ, ಲಾರಿಗಳನ್ನು ಹೋಗಗೊಟ್ಟು, ಖಾಲಿ ರಸ್ತೆ ಸಿಕ್ಕ ಮೇಲೆ, "ನೋಡ್ರಿ, ಕಣ್ಣು ಮುಚ್ಚಬ್ಯಾಡ್ರಿ," ಎಂದು ಎರಡೂ ಕೈ ಎತ್ತಿ ಮುಗಿದರು.

ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಲು ಪುರುಸೊತ್ತಾಗಲಿಲ್ಲ. ಹ್ಯಾಂಡಲ್ಲು ಎಡಕ್ಕೆ ಬಲಕ್ಕೆ ನಡುಗಿತು, ನಡುಕ ದೊಡ್ಡದಾಯಿತು, ನನ್ನ ಹಲ್ಲುಗಳು ಒಂದಕ್ಕೊಂದು ಬಡಿದವು. ಸತ್ಯನಾರಾಯಣನ ಕಥೆಯಲ್ಲಿ ಪ್ರಸಾದ ತಿನ್ನದೆ ಹೋದವರ ಹಡಗು ಮುಳುಗಿದ ಅಧ್ಯಾಯ ಪೂರ್ತಿ ನೆನಪಾಯಿತು. ವೇದಕ್ಕ ಕೈ ಇಳಿಸಿ ಹಿಡಿದರು. ಗಾಡಿ ಏನೂ ಆಗಿಲ್ಲವೆಂಬಂತೆ ನೆಟ್ಟಗಾಯಿತು.

"ಅಲ್ಲಾಡ್ತೋ ಇಲ್ಲೋ?"

"ಅಲ್ಲಾಡಿತು," ಎಂದೆ. ಅಷ್ಟು ಖಚಿತವಾಗಿ ನಾನು ಮದುವೆಯ ಮಂಟಪದಲ್ಲಿ ನಾತಿಚರಾಮಿಯನ್ನೂ ಹೇಳಿರಲಿಲ್ಲ.

ಗೋದಾವರಿ ದಾಟಿ, ಏಲೂರು ದಾಟಿ, ಮಧ್ಯಾಹ್ನದ ಬಿಸಿಲಲ್ಲಿ ವಿಜಯವಾಡ ಸೇರಿದೆವು. ಒನ್ ಟೌನಿಗೆ ಆಮೇಲೆ ಹೋದರಾಯಿತು ಎಂದು ವೇದಕ್ಕ ನೇರ ಶೋರೂಮಿಗೆ ಬಿಟ್ಟರು. ಹಿಂದಿನ ಎರಡು ಸಲ ಮೊದಲು ಚಿಕ್ಕಮ್ಮನ ಮನೆಯಲ್ಲಿ ಬೆಲ್ಲ ಇಳಿಸಿ, ಊಟ ಮಾಡಿ, ಆಮೇಲೆ ಇಲ್ಲಿಗೆ ಬಂದಿದ್ದರಂತೆ. ಈ ಸಲ ನರಹರಿ ಕಾಯುತ್ತಿದ್ದ. ಗಾಜಿನ ಬಾಗಿಲೊಳಗೆ, ಎಸಿಯ ಕೆಳಗೆ, ತಣ್ಣಗೆ.

ಸರ್ವಿಸ್ ಮ್ಯಾನೇಜರ್ ಕೃಷ್ಣಪ್ರಸಾದ ಎದ್ದು ಬಂದರು. ನಲವತ್ತರ ಆಸುಪಾಸಿನವರು, ಹಣೆಗೆ ದುರ್ಗಮ್ಮನ ಕುಂಕುಮ, ಬಾಯಿ ತುಂಬ ಮರ್ಯಾದೆ. ಆ ಮರ್ಯಾದೆಯೆಲ್ಲ ನನಗೆ. "ಬನ್ನಿ ಸಾರ್, ಕೂತ್ಕೊಳ್ಳಿ ಸಾರ್. ಗಾಡಿ ಮೈಲೇಜ್ ಎಷ್ಟು ಕೊಡ್ತಿದೆ ಸಾರ್?" ಎಂದು ತೆಲುಗಿನಲ್ಲಿ ವಿಚಾರಿಸಿದರು. ಮಹಿಳೆಯರ ಮಳೆ ಅಂಗಿ ಸೊಂಟಕ್ಕೆ ಕಟ್ಟಿಕೊಂಡು, ಕಾಲುಗಳನ್ನು ಇನ್ನೂ ಗಾಡಿಯ ಆಕಾರದಲ್ಲೇ ಇಟ್ಟು ನಿಂತಿದ್ದ ನಾನೇ ಅವರಿಗೆ ಗಾಡಿ ಬಲ್ಲವನಂತೆ ಕಂಡೆ.

"ಗಾಡಿ ಅವರದು," ಎಂದೆ.

"ಗೊತ್ತು ಸಾರ್. ಮೇಡಂಗೆ ನೀವೇ ಸ್ವಲ್ಪ ತಿಳಿಸಿ ಹೇಳಿ. ಎರಡು ಕೈನೂ ಬಿಟ್ಟರೆ ಯಾವ ಗಾಡಿ ಸಾರ್ ನೆಟ್ಟಗೆ ಹೋಗುತ್ತೆ? ಯಾರಾದರೂ ಕೈ ಬಿಡ್ತಾರಾ?" ಎಂದು ನಕ್ಕು, ಒಳಗಿನ ಮೆಕ್ಯಾನಿಕ್ಕಿಗೆ, "ಲೇಡೀಸ್ ವೆಹಿಕಲ್, ಒಂದು ರೌಂಡ್ ಹೊಡೆದು ಕೊಟ್ಟುಬಿಡು," ಎಂದು ಕೂಗಿ ಹೇಳಿದರು.

ವೇದಕ್ಕನಿಗೆ ತೆಲುಗು ಚೆನ್ನಾಗಿ ಬರುತ್ತದೆ. ಆದರೆ ಕೋಪ ಬಂದಾಗ ಅವರು ಕನ್ನಡಕ್ಕೆ ಇಳಿಯುತ್ತಾರೆ. ಅರ್ಥವಾಗಲಿಲ್ಲ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ.

"ಮ್ಯಾನೇಜರ್ ಸಾಹೇಬ್ರ, ನಾ ಇಲ್ಲೆ ನಿಂತೀನಿ. ಅವರ ಕಡೆ ಏನ್ ನೋಡ್ತೀರಿ? ಅವರಿಗೆ ಗಾಡಿ ಹತ್ತಾಕೂ ಬರೂದಿಲ್ಲ."

ನಾನು ತಲೆಯಾಡಿಸಿ ಒಪ್ಪಿದೆ.

ಮೆಕ್ಯಾನಿಕ್ಕು ಪೆಟ್ಟಿಗೆಗಳನ್ನು ಖಾಲಿ ಮಾಡತೊಡಗಿದ. ಗಾಡಿ ಒಳಗೆ ತೆಗೆದುಕೊಳ್ಳುವ ಮೊದಲು ಸಾಮಾನೆಲ್ಲ ಹೊರಗಿಡಬೇಕು, ಕಳೆದರೆ ಶೋರೂಮಿನ ಜವಾಬ್ದಾರಿಯಲ್ಲ, ಅಲ್ಲಿಯ ನಿಯಮ. ಬೆಲ್ಲದ ಮುದ್ದೆ ಬಂದು ಸೋಫಾದ ಮೇಲೆ ನನ್ನ ಪಕ್ಕದಲ್ಲಿ ಕೂತಿತು. ಗಾಡಿ ಹಗುರಾಗಿ ಹೋಯಿತು, ಹಗುರಾಗಿ ವಾಪಸು ಬಂತು. "ಬೆಣ್ಣೆ ಥರ ಇದೆ ಸಾರ್," ಎಂದ ಮೆಕ್ಯಾನಿಕ್, ಅವನೂ ನನಗೇ.

ನರಹರಿ ನನ್ನ ಕಡೆ ತಿರುಗಿದ. "ಗುರುದತ್ತ, ನೀನು ಹೇಳಪ್ಪ. ದಾರೀಲಿ ಅಲ್ಲಾಡ್ತಾ?"

ಇಲ್ಲಿ ನನ್ನ ಶೌರ್ಯವನ್ನು ದಾಖಲಿಸಬೇಕು. ಗೆಳೆಯ ಒಂದು ಕಡೆ, ಕುಂಕುಮದ ಮ್ಯಾನೇಜರ್ ಇನ್ನೊಂದು ಕಡೆ, ಎಸಿ ಮೇಲೆ. "ಅಂದರೆ, ಒಂದು ರೀತಿಯಲ್ಲಿ ಸ್ವಲ್ಪ ಅಲ್ಲಾಡಿದ ಹಾಗೆ... ರಸ್ತೆಯೂ ಇರಬಹುದು," ಎಂದೆ.

ವೇದಕ್ಕ ನನ್ನನ್ನು ನೋಡಿದರು. ಬೈಯಲಿಲ್ಲ. ಕಲ್ಲಿದ್ದಲಿನ ಮಾದರಿಯಲ್ಲಿ ಎಷ್ಟು ಬೂದಿ ಇದೆ ಎಂದು ನೋಡುವ ಹಾಗೆ ನೋಡಿದರು.

"ಆಯ್ತಲ್ಲ ವೇದಾ," ಎಂದ ನರಹರಿ. "ಮೂರು ಸಲ ಆಯ್ತು. ಇವರೇ ತಗೋತಾರಂತೆ, ಒಳ್ಳೆ ಬೆಲೆ ಕೊಡ್ತಾರೆ. ನಾನು ಮಾತಾಡಿದ್ದೀನಿ."

"ಮಾತಾಡೀರಿ," ಎಂದರು ವೇದಕ್ಕ. "ನಾ ಬರೂದ್ರಾಗ ಮಾತಾಡಿ ಮುಗಿಸೀರಿ."

ಮೌನವಾದರೆ ನನಗೆ ಬಾಯಿ ತುರಿಸುತ್ತದೆ. ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಇದರಿಂದ ಕೆಟ್ಟಿದ್ದೇನೆ. ಪಕ್ಕದ ಬೆಲ್ಲವನ್ನು ತಟ್ಟುತ್ತ, "ಇಷ್ಟು ಭಾರ ಹಿಂದುಗಡೆ ಇಟ್ಟುಕೊಂಡು ಬಂದೆವಲ್ಲ, ನಮ್ಮ ಬಂದರಿನಲ್ಲಿ ಹೀಗೆ ಮಾಡಿದರೆ ಬೈತಾರೆ," ಎಂದೆ. "ಸರಕೆಲ್ಲ ಹಡಗಿನ ಹಿಂಭಾಗಕ್ಕೇ ತುಂಬಿದರೆ ಮೂತಿ ಮೇಲೆದ್ದು ಬಿಡುತ್ತೆ. ಆಮೇಲೆ ಚುಕ್ಕಾಣಿ ಹಿಡಿದವನ ಮಾತು ಕೇಳಲ್ಲ."

ನಗಲಿ ಎಂದು ಹೇಳಿದ್ದು. ವೇದಕ್ಕ ಎದ್ದು ನಿಂತರು.

"ಏನಂದ್ರಿ?"

"ಏನಿಲ್ಲ ವೇದಕ್ಕ, ಸುಮ್ಮನೆ."

"ಸುಮ್ನಲ್ಲ." ಅವರು ಬೆಲ್ಲದ ಮುದ್ದೆಯನ್ನೇ ನೋಡುತ್ತಿದ್ದರು. "ಮೊದಲ ಎರಡು ಸಲ ಚಿಕ್ಕಮ್ಮನ ಮನ್ಯಾಗ ಇಳಿಸಿ ಬಂದೆ. ಇವತ್ತು ಇವ್ರು ಇಳಿಸಿದ್ರು. ಮೂರು ಸಲಾನೂ ಖಾಲಿ ಗಾಡಿ ಓಡಿಸಿ ನೋಡ್ಯಾರ." ಅವರು ಕೃಷ್ಣಪ್ರಸಾದರ ಕಡೆ ತಿರುಗಿದರು. ದನಿ ಈಗ ಎಷ್ಟು ಇಳಿದಿತ್ತೆಂದರೆ ಎಸಿಯ ಸದ್ದು ಅದಕ್ಕಿಂತ ದೊಡ್ಡದಾಗಿತ್ತು. "ಇದರಾಗ ಕೊಳಿ ಎಷ್ಟದ ನೋಡ್ರಿ ಅಂತ ಕೊಟ್ರ, ಮೊದಲ ತೊಳದು, ಆಮ್ಯಾಲೆ ನೋಡಿ, ಕೊಳಿ ಇಲ್ಲ ಅಂತೀರಿ. ನನ್ನ ಲ್ಯಾಬಿನಾಗ ಹಿಂಗ ಮಾಡಿದ್ರ ಮನಿಗೆ ಕಳಸ್ತಿದ್ದೆ."

"ಮೇಡಂ, ಹಿಂದಿನ ಪೆಟ್ಟಿಗೇಲಿ ಅಷ್ಟು ಭಾರ ಹಾಕಬಾರದು ಮೇಡಂ." ಮೊದಲ ಬಾರಿಗೆ ಅವರು ವೇದಕ್ಕನಿಗೇ ಉತ್ತರ ಕೊಟ್ಟರು. "ಏನೋ ಒಂದು ಜಾಕೆಟ್ಟು, ಒಂದು ಟವಲ್ಲು..."

"ಟವೆಲ್ ಇಡಾಕ ಇಷ್ಟು ದೊಡ್ಡ ಪೆಟ್ಟಿಗಿ ಮಾರೀರಿ?"

"ಮತ್ತೆ ಎರಡು ಕೈನೂ ಬಿಡಬಾರದು ಮೇಡಂ. ಅದು ಯಾವ ಕಂಪನಿಯೂ ಹೇಳಲ್ಲ."

ವೇದಕ್ಕ ಬೆರಳು ತೋರಿಸಿದರು. ಅವರ ಬೆರಳಿನ ಹಿಂದೆ ನಾವೆಲ್ಲರೂ ತಲೆ ತಿರುಗಿಸಿದೆವು. ಶೋರೂಮಿನ ಗೋಡೆಯುದ್ದಕ್ಕೂ ಒಂದು ಚಿತ್ರ ಅಂಟಿಸಿದ್ದರು: ಹಿಮದ ಬೆಟ್ಟ, ಇದೇ ಗಾಡಿ, ಮೂರೂ ಪೆಟ್ಟಿಗೆ ತುಂಬಿ ಮೇಲೆ ಹಾಸಿಗೆ ಬೇರೆ ಕಟ್ಟಿದ್ದು, ಅದರ ಮೇಲೆ ಗಡ್ಡದ ಯುವಕ. ಅವನು ಹದ್ದಿನ ಹಾಗೆ ಎರಡೂ ತೋಳು ಚಾಚಿ ಆಕಾಶ ನೋಡುತ್ತಿದ್ದ.

"ಇವನ ಕೈ ಎಲ್ಲಿ ಅವ?"

ಕೃಷ್ಣಪ್ರಸಾದರು ಆ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಅದು ಫೋಟೋ ಮೇಡಂ. ಗಾಡಿ ನಿಂತಿರುತ್ತೆ."

"ನಿಂತ ಗಾಡಿ ಮಾರ್ತೀರೇನು ನೀವು?" ವೇದಕ್ಕ ಬಾಗಿ ಬೆಲ್ಲದ ಮುದ್ದೆಯನ್ನು ಎತ್ತಿದರು. ಸಹಾಯಕ್ಕೆ ಹೋದ ನರಹರಿಯನ್ನು ಮೊಣಕೈಯಿಂದಲೇ ಸರಿಸಿದರು. ಹೊರಗೆ ಹೋಗಿ ಪೆಟ್ಟಿಗೆಯಲ್ಲಿಟ್ಟು, ಮಗ್ಗುಲ ಪೆಟ್ಟಿಗೆಗಳಿಗೆ ಸಾಮಾನು ವಾಪಸು ತುಂಬಿದರು. "ಈಗ ಓಡಸ್ರಿ. ಮೆಕ್ಯಾನಿಕ್ ಬ್ಯಾಡ, ನೀವ ಓಡಸ್ರಿ. ನಾ ಹಿಂದ ಕೂತ್ರ ನಾನ ಏನೋ ಮಾಡಿದೆ ಅಂತೀರಿ. ದತ್ತಣ್ಣ ಕೂಡ್ತಾರ."

ನನ್ನನ್ನು ಯಾರೂ ಕೇಳಲಿಲ್ಲ. ಈ ಸಲ ಮೆಕ್ಯಾನಿಕ್ಕು ಒಂದು ಸ್ಟೂಲು ತಂದಿಟ್ಟ.

ಕೃಷ್ಣಪ್ರಸಾದರಿಗೆ ಸಿಟ್ಟು ಬಂದಿತ್ತು. ದಾರಿಯುದ್ದಕ್ಕೂ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನೊಂದಿಗೆ ಮಾತಾಡಿದರು. "ನೀವಾದರೂ ಹೇಳಬೇಕು ಸಾರ್. ಹದಿನೈದು ವರ್ಷದಿಂದ ಈ ಕೆಲಸದಲ್ಲಿದೀನಿ. ಕೈ ಬಿಟ್ಟು ಓಡಿಸೋರು ರೀಲ್ಸ್ ಮಾಡೋ ಹುಡುಗರು ಮಾತ್ರ. ಒಬ್ಬ ಜವಾಬ್ದಾರಿ ಇರೋ ಮನುಷ್ಯ ಕೈ ಬಿಡ್ತಾನಾ ಸಾರ್?"

"ಬಿಡಲ್ಲ," ಎಂದೆ. ಹಿಂದೆ ಕೂತವನಿಗೆ ಓಡಿಸುವವನ ಅಭಿಪ್ರಾಯವೇ ಅಭಿಪ್ರಾಯ.

ಶೋರೂಮಿನಿಂದ ಸ್ವಲ್ಪ ದೂರದಲ್ಲೇ ಇಂದ್ರಕೀಲಾದ್ರಿಯನ್ನು ಬಳಸಿಕೊಂಡು ಹೋಗುವ ಫ್ಲೈಓವರ್. ಒಂದು ಪಕ್ಕ ಕೃಷ್ಣಾ ನದಿ, ಇನ್ನೊಂದು ಪಕ್ಕ ಬೆಟ್ಟ, ಬೆಟ್ಟದ ಮೇಲೆ ಕನಕದುರ್ಗಮ್ಮ. ರಸ್ತೆ ಖಾಲಿಯಿತ್ತು. ಕೃಷ್ಣಪ್ರಸಾದರು ವೇಗ ಏರಿಸಿ, "ನೋಡಿ ಸಾರ್, ಏನಾದರೂ ಆಗ್ತಿದೆಯಾ? ಬೆಣ್ಣೆ," ಎನ್ನುತ್ತಿದ್ದರು. ಅಷ್ಟರಲ್ಲಿ ಗುಡಿಯ ಗೋಪುರ ಕಾಣಿಸಿತು.

ವಿಜಯವಾಡದವರಿಗೆ ಆ ಗೋಪುರ ಕಂಡರೆ ಕೈ ತಾನಾಗಿ ಏಳುತ್ತದೆ. ಅದು ಯೋಚಿಸಿ ಮಾಡುವುದಲ್ಲ. ಆಕಳಿಕೆ ಬಂದಾಗ ಬಾಯಿಯ ಮುಂದೆ ಬೆರಳು ಬರುವ ಹಾಗೆ. "ಅಮ್ಮಾ, ತಲ್ಲೀ," ಎಂದು ಗೊಣಗಿದ ಸರ್ವಿಸ್ ಮ್ಯಾನೇಜರ್ ಕೃಷ್ಣಪ್ರಸಾದರು ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡರು.

ವೇಗ ಇಳಿಯಿತು. ನಾನು ಈಗ ಅನುಭವಸ್ಥ, ಕಾಯುತ್ತಿದ್ದೆ. ಹಂತ ಬಂತು. ಹ್ಯಾಂಡಲ್ಲು ಸಣ್ಣಗೆ ಬೇಡವೆಂದಿತು, ಆಮೇಲೆ ಜೋರಾಗಿ ಬೇಡವೆಂದಿತು. ಕೃಷ್ಣಪ್ರಸಾದರ ಕೈಗಳು ಹಣೆಯಿಂದ ಇಳಿಯುವಷ್ಟರಲ್ಲಿ ನಾವಿಬ್ಬರೂ, ಬೆಲ್ಲವೂ, ನದಿಯ ಕಡೆಯ ತಡೆಗೋಡೆಗೆ ಸಾಕಷ್ಟು ಹತ್ತಿರವಾಗಿದ್ದೆವು. ಅವರು ಹಿಡಿದರು. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಇಬ್ಬರೂ ನದಿಯನ್ನು ನೋಡುತ್ತ ನಿಂತೆವು. ನೀರು ಬಹಳ ಚೆನ್ನಾಗಿತ್ತು.

"ಸಾರ್," ಎಂದರು ಕೃಷ್ಣಪ್ರಸಾದರು. "ಇದನ್ನ ಅಲ್ಲಿ ಹೇಳೋದು ಬೇಡ."

ನನಗೆ ಕೋಪ ಬರುವುದು ಕಡಿಮೆ. ಬಂದರೂ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ವಾಪಸು ಕಳಿಸುತ್ತೇನೆ. ಆದರೆ ಆ ಫ್ಲೈಓವರಿನ ಮೇಲೆ ನನಗೆ ನಿಜವಾಗಿ ಕೋಪ ಬಂತು. ಮೂರು ಸಲ ಆ ಹೆಂಗಸು ಇಷ್ಟು ದೂರ ಬಂದು ಇದನ್ನೇ ಹೇಳಿದ್ದರು. ಮೂರು ಸಲವೂ ಅವರಿಗೆ ಸಿಕ್ಕಿದ್ದು ಬೆಣ್ಣೆ. ನಾನೂ ಒಂದು ಮುದ್ದೆ ಬೆಣ್ಣೆ ಹಚ್ಚಿ ಬಂದಿದ್ದೆ. ಗಾಡಿ ಹತ್ತಿದೆ. ಸ್ಟೂಲಿಲ್ಲದೆ ಹತ್ತಿದೆ; ಕೋಪ ಬಂದರೆ ಕಾಲು ಎತ್ತರಕ್ಕೆ ಏಳುತ್ತದೆ ಎಂದು ಆ ದಿನ ತಿಳಿಯಿತು.

ಶೋರೂಮಿನ ಮುಂದೆ ಇಳಿದಾಗ ನರಹರಿ ಕೇಳಿದ, "ಹೆಂಗಿದೆ ಸಾರ್?"

"ಗಾಡಿಗೇನಾಗಿಲ್ಲ ಸಾರ್," ಎಂದರು ಕೃಷ್ಣಪ್ರಸಾದ. ಹೆಲ್ಮೆಟ್ ತೆಗೆಯಲಿಲ್ಲ.

"ಸುಳ್ಳು," ಎಂದೆ ನಾನು. ನನ್ನ ದನಿಯೂ ಇಳಿದಿತ್ತು, ನನಗೇ ಆಶ್ಚರ್ಯವಾಯಿತು. "ಅಲ್ಲಾಡಿತು. ಅನ್ನವರದಲ್ಲೂ ಹೀಗೇ ಅಲ್ಲಾಡಿತ್ತು, ಆಗ ರಸ್ತೆ ಅಂದೆ, ರಸ್ತೆಯಲ್ಲ. ಇವರೂ ಕೈ ಬಿಟ್ಟರು, ಇಬ್ಬರೂ ನದಿಗೆ ಹೋಗುತ್ತಿದ್ದೆವು."

"ಅಯ್ಯೋ ಸಾರ್, ನಾನೆಲ್ಲಿ ಕೈ ಬಿಟ್ಟೆ?"

ವೇದಕ್ಕ ಮೆಲ್ಲಗೆ ಅವರ ಮುಂದೆ ಬಂದು ನಿಂತರು. ಈಗ ಅವರು ತೆಲುಗಿನಲ್ಲಿ ಕೇಳಿದರು, ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ಇಟ್ಟು. "ಅಮ್ಮವಾರ ಗುಡಿ ಮುಂದೆ ಹೋದಿರಿ. ಕೈ ಮುಗಿದಿರೋ, ಇಲ್ಲವೋ?"

ಕೃಷ್ಣಪ್ರಸಾದರು ಬಾಯಿ ತೆರೆದರು. ಮೆಕ್ಯಾನಿಕ್ಕು ನೋಡುತ್ತಿದ್ದ, ರಿಸೆಪ್ಷನ್ನಿನ ಹುಡುಗಿ ನೋಡುತ್ತಿದ್ದಳು, ಗೋಡೆಯ ಕ್ಯಾಲೆಂಡರಿನೊಳಗಿಂದ ದುರ್ಗಮ್ಮನೂ ನೋಡುತ್ತಿದ್ದಳು. ಗಾಡಿಯ ಬಗ್ಗೆ ಸುಳ್ಳು ಹೇಳುವುದು ಒಂದು. ವಿಜಯವಾಡದಲ್ಲಿ ಹುಟ್ಟಿ, ಅಮ್ಮನ ಎದುರು ಹೋಗಿ, ಕೈ ಮುಗಿಯಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವುದು ಇನ್ನೊಂದು.

"ಮುಗಿದೆ ಮೇಡಂ," ಎಂದರು.

"ಎಷ್ಟು ಕೈ?"

"ಎರಡೂ."

"ಗಾಡಿ?"

ಅವರು ಹೆಲ್ಮೆಟ್ ತೆಗೆದರು. ಕುಂಕುಮ ಬೆವರಿಗೆ ಇಳಿದು ಮೂಗಿನ ತನಕ ಬಂದಿತ್ತು. "ಅಲ್ಲಾಡಿತು."

ಆಮೇಲೆ ಕೆಲಸ ಬೇಗ ನಡೆಯಿತು. ಈ ಸಲ ಯಾರೂ ಪೆಟ್ಟಿಗೆ ಖಾಲಿ ಮಾಡಲಿಲ್ಲ. ಮುಂದಿನ ಗಾಲಿಯನ್ನು ಎತ್ತಿ ನಿಲ್ಲಿಸಿ ಹ್ಯಾಂಡಲ್ ಅಲುಗಿಸಿ ನೋಡಿದರೆ ಅದರ ಕತ್ತಿನೊಳಗಿನ ಬೇರಿಂಗು ಸಡಿಲವಾಗಿ ಕಟಕಟ ಎಂದಿತು. ಟೈರು ಒಂದೇ ಸಮ ಸವೆಯದೆ ಅಲೆಅಲೆಯಾಗಿ ಸವೆದಿತ್ತು. ಖಾಲಿ ಗಾಡಿಯಲ್ಲಿ ಅಡಗಿ ಕೂತಿದ್ದ ರೋಗ, ಹಿಂದೆ ಭಾರ ಬಿದ್ದು ಮುಂದಿನ ಗಾಲಿ ಹಗುರಾದಾಗ ಎದ್ದು ಬರುತ್ತಿತ್ತು. ಬೇರಿಂಗು ಬದಲಿಸಿದರು, ಟೈರು ಹೊಸದು ಹಾಕಿದರು, ದೋಷ ಗಾಡಿಯದೇ ಎಂದು ಕೃಷ್ಣಪ್ರಸಾದರು ನರಹರಿಗೆ ಬಾಯಿಬಿಟ್ಟು ಹೇಳಿದರು. ವೇದಕ್ಕ ಅಷ್ಟೂ ಹೊತ್ತು ಮೆಕ್ಯಾನಿಕ್ಕಿನ ತಲೆಯ ಮೇಲೆಯೇ ನಿಂತಿದ್ದರು. ಕೋಪ ಇಳಿದಿತ್ತು ಎನ್ನಲಾರೆ. ಅದಕ್ಕೆ ಕೂರಲು ಜಾಗ ಸಿಕ್ಕಿತ್ತು ಅಷ್ಟೆ.

ಅದೇ ಬೆಲ್ಲ ಹೊತ್ತು ಒಬ್ಬರೇ ಫ್ಲೈಓವರಿನ ಮೇಲೆ ಒಂದು ಸುತ್ತು ಹೋಗಿ ಬಂದರು. ಅಲ್ಲಿ ಏನು ಮಾಡಿದರೆಂದು ನಾವು ಕೇಳಲಿಲ್ಲ. ಗಾಡಿ ನಿಲ್ಲಿಸಿ, "ನೆಟ್ಟಗದ," ಎಂದರು.

"ಮೇಡಂ, ಆದರೂ ಒಂದು ಮಾತು," ಎಂದು ಕೃಷ್ಣಪ್ರಸಾದರು ಕೈ ಹೊಸೆದರು. ಈಗ ಅವರು ನನ್ನ ಕಡೆ ನೋಡಲೂ ಇಲ್ಲ. "ಹಿಂದುಗಡೆ ಜಾಸ್ತಿ ಭಾರ ಮಾತ್ರ ಬೇಡ ಮೇಡಂ. ಇದು ಕಂಪನಿ ಮಾತು."

"ಆತು," ಎಂದರು ವೇದಕ್ಕ. ಬೆಲ್ಲವನ್ನು ತೆಗೆದು ನನ್ನ ಕೈಗಿಟ್ಟು, ಆಟೋದಲ್ಲಿ ಒನ್ ಟೌನಿಗೆ ಮುಟ್ಟಿಸಿ ಅಲ್ಲಿಂದ ರೈಲಿಗೆ ಹೋಗಬೇಕೆಂದು ಅಪ್ಪಣೆ ಮಾಡಿದರು. ಸಾಕ್ಷಿಯ ಕೆಲಸ ಮುಗಿದಿತ್ತು. ನನಗೇನೂ ಬೇಸರವಾಗಲಿಲ್ಲ, ರೈಲಿಗೆ ಹತ್ತುವುದು ನನಗೆ ಬರುತ್ತದೆ.

ನರಹರಿ ಗಾಡಿಯ ಸುತ್ತ ಎರಡು ಸಲ ತಿರುಗಿದ. ಟೈರನ್ನು ಬೆರಳಿನಿಂದ ಒತ್ತಿ ನೋಡಿದ. ಕೆಮ್ಮಿದ. ಅವನಿಗೆ ಹೇಳಬೇಕಾದ ಮಾತೊಂದಿತ್ತು. ಮೂವತ್ತು ವರ್ಷದಲ್ಲಿ ಅದನ್ನು ಅವನು ಅಭ್ಯಾಸ ಮಾಡಿರಲಿಲ್ಲ. ವೇದಕ್ಕ ಕೈಗವಸು ಹಾಕಿಕೊಳ್ಳುತ್ತಿದ್ದರು, ಒಂದೊಂದೇ ಬೆರಳು. ಕೊನೆಗೆ ಅವನು ಶೋರೂಮಿನ ಒಂದು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಹತ್ತಿರ ಹೋದ.

"ವೇದಾ, ನಾನೂ ಹಿಂದೆ ಕೂತ್ಕೊಂಡು ಬರ್ಲಾ?"

ವೇದಕ್ಕ ಗಾಡಿ ಶುರು ಮಾಡಿದರು.

"ಹಿಂದ ಭಾರ ಹೇರಬ್ಯಾಡ್ರಿ ಅಂತ ಕಂಪನಿಯವ್ರು ಹೇಳ್ಯಾರ್ರಿ."